ಒಂದು ತೊಟ್ಟಿ, ಎರಡು ಗಡಿಯಾರ

"ಆ ಪೈಪು ಕೆಳಗಿಡಿ. ಈ ತೊಟ್ಟಿಯಿಂದ ಒಂದು ಹನಿ ನೀರು ಆಚೆ ಹೋಗಕೂಡದು."

ಬಕೆಟ್ ಹಿಡಿದು ನಿಂತಿದ್ದ ಕ್ಲೀನರ್ ಚಿಕ್ಕಿಯ ಮುಖ ನೋಡಿದ, ಕೌಂಟರಿನಾಕೆಯ ಮುಖ ನೋಡಿದ, ಕೊನೆಗೆ ದಾರಿ ಕಾಣದೆ ಪೈಪಿನ ಮುಖ ನೋಡಿದ. ತೊಟ್ಟಿ ಖಾಲಿ ಮಾಡು ಎಂದಿದ್ದವರು ಹಿರಿಯ ಡಾಕ್ಟರ ಅಳಿಯ, ಎಲ್ಲರ ಬಾಯಲ್ಲೂ ಅಳಿಯ ಡಾಕ್ಟರು. ಬೇಡ ಎನ್ನುತ್ತಿರುವವಳು ಬಣ್ಣದ ಮೀನಿನ ಅಂಗಡಿಯ ಹುಡುಗಿ ಚಿಕ್ಕಿ. ಸಂಬಳ ಕೊಡುವವರು ಒಂದು ಕಡೆ, ಸೊಂಟಕ್ಕೆ ದುಪಟ್ಟಾ ಬಿಗಿದು ಕಣ್ಣಲ್ಲೇ ಸುಡುವವಳು ಇನ್ನೊಂದು ಕಡೆ. ಅವನು ಬಕೆಟ್ಟನ್ನು ಕಾಲ ಬಳಿ ಇಟ್ಟು, ತನಗೂ ಈ ಲೋಕಕ್ಕೂ ಸಂಬಂಧವೇ ಇಲ್ಲವೆಂಬಂತೆ ಗೋಡೆಯ ಮೇಲಿನ ಹಲ್ಲುಜ್ಜುವ ಚಿತ್ರ ನೋಡತೊಡಗಿದ.

ಹಲ್ಲಿನ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ, ಕುರ್ಚಿಗಳ ಸಾಲಿನ ಎದುರು, ನಾಲ್ಕಡಿ ಉದ್ದದ ಗಾಜಿನ ತೊಟ್ಟಿ. ಹೆದರಿ ಕೂತವರ ಕಣ್ಣಿಗೆ ಒಂದಿಷ್ಟು ತಂಪಿರಲಿ ಎಂದು ಹಿರಿಯ ಡಾಕ್ಟರು ಸಾಕಿದ ಮೀನಿನ ಮನೆ. ಇವತ್ತು ಅದರಲ್ಲಿ ಮೀನೂ ಕಾಣದು, ಕಲ್ಲೂ ಕಾಣದು. ಶಾಯಿ ದೌತಿಯನ್ನು ಮಗುಚಿದ ಹಾಗೆ ಅಂಚಿನಿಂದ ಅಂಚಿಗೆ ಕಡುನೀಲಿ.

ಹಿರಿಯ ಡಾಕ್ಟರು ಕಾಣೆಯಾಗಿದ್ದಾರೆಂದು ಗೊತ್ತಾಗಿದ್ದು ನಿನ್ನೆ, ಬುಧವಾರ ಬೆಳಗ್ಗೆ. ಅವರ ಕನ್ನಡಕ ಸಿಕ್ಕಿದ್ದು ಇಲ್ಲಿಯ ನರ್ಸಿನ, ಅಂದರೆ ಚಿಕ್ಕಿಯ ಸ್ವಂತ ಅಕ್ಕನ, ಲಾಕರಿನಲ್ಲಿ. ನಿನ್ನೆಯೇ ಪೊಲೀಸರು ಹಿಡಿದೊಯ್ದ ಅಕ್ಕನನ್ನು ಇವತ್ತು ಸಂಜೆ ನಾಲ್ಕಕ್ಕೆ ಜಡ್ಜಿನ ಮುಂದೆ ನಿಲ್ಲಿಸುತ್ತಾರೆ.

ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ. ಚಿಕ್ಕಿ ಬಾಯಿ ಮುಕ್ಕಳಿಸುವ ಕಾಗದದ ಲೋಟವೊಂದನ್ನು ಕೌಂಟರಿನಿಂದ ಎತ್ತಿಕೊಂಡಳು. ತೊಟ್ಟಿಯಿಂದ ಅರ್ಧ ಲೋಟ ನೀರು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು, ಲೋಟದ ಮೇಲೆ ಪೆನ್ನಿನಿಂದ 'ಹತ್ತು' ಎಂದು ಬರೆದಳು.

"ಅದ್ಯಾಕೆ?" ಅಂದಳು ಕೌಂಟರಿನಾಕೆ.

"ಆಮೇಲೆ ಹೇಳ್ತೀನಿ. ನೀವು ಎಷ್ಟೊತ್ತಿಗೆ ಬಂದ್ರಿ ಇವತ್ತು?"

"ಒಂಬತ್ತಕ್ಕೆ. ಬಂದು ನೋಡ್ತೀನಿ, ತೊಟ್ಟಿ ಪೂರ್ತಿ ನೀಲಿ. ಜೀವ ಬಾಯಿಗೆ ಬಂತು. ಅದಕ್ಕೇ ನಿಮಗೆ ಫೋನ್ ಮಾಡಿದ್ದು. ಅಳಿಯ ಡಾಕ್ಟ್ರು ಆಗಲೇ ಒಳಗೆ ಬಂದಿದ್ರು. ಕೇಳಿದ್ರೆ, ಮೀನಿಗೆ ಹತ್ತಿ ರೋಗ ಬಂದಿದೆ, ಮಾವನವರೇ ಮಂಗಳವಾರ ಔಷಧಿ ಹಾಕಿದ್ರು ಅಂದ್ರು."

"ಮಂಗಳವಾರ? ನೀವು ನಿನ್ನೆ ಬಂದಾಗ ನೀರು ನೀಲಿ ಇತ್ತಾ?"

ಕೌಂಟರಿನಾಕೆ ಬಾಯಿ ತೆರೆದಳು, ಮುಚ್ಚಿದಳು. "ನಿನ್ನೆ ಎಲ್ಲಿ ನೋಡಿದೆ ನಾನು? ಬಂದ ತಕ್ಷಣ ಪೊಲೀಸು, ಅಳು, ಗಲಾಟೆ. ಅಲ್ಲದೆ ಸೋಮವಾರದಿಂದ ತೊಟ್ಟಿಯ ದೀಪ ಬೇರೆ ಹಾಕಿಲ್ಲ. ಬಲ್ಬು ಹೋಗಿದೆ ಅಂದಿದ್ರು ಡಾಕ್ಟ್ರು."

ಚಿಕ್ಕಿ ತೊಟ್ಟಿಯ ಹಿಂದೆ ಬಗ್ಗಿದಳು. ದೀಪದ ಪ್ಲಗ್ಗು ಕಿತ್ತು ನೆಲದ ಮೇಲೆ ಬಿದ್ದಿತ್ತು. ಚುಚ್ಚಿದಳು. ದೀಪ ಜಗ್ಗನೆ ಹತ್ತಿತು. ನೀಲಿಯ ಮೇಲ್ಮೈ ಮಿನುಗಿತು, ಆಳ ಮಾತ್ರ ಬಾಯಿ ಬಿಡಲಿಲ್ಲ.

ಫೋನ್ ರಿಂಗಾಯಿತು. ಅಜ್ಜಿ.

"ಚಿಕ್ಕೀ, ಏನಾಯ್ತೇ? ಏನಾದ್ರೂ ತಿಂದ್ಯಾ?"

"ಅಜ್ಜಿ, ಈಗ ಕೆಲಸದಲ್ಲಿದೀನಿ..."

"ಕೆಲಸ ಮಾಡ್ಕೊಳೆ ತಾಯಿ, ಯಾರು ಬೇಡ ಅಂದ್ರು. ಸ್ಟೇಷನ್ನಿಗೆ ಹೋದ್ರೆ ನಿಮ್ಮಕ್ಕನಿಗೊಂದು ಬಾಚಣಿಗೆ ಕೊಟ್ಟು ಬಾ. ತಲೆ ಕೆದರಿಕೊಂಡು ಜಡ್ಜಿನ ಮುಂದೆ ನಿಂತ್ರೆ ಅವರು ಏನಂದ್ಕೋಬೇಕು? ಒಂದು ಕ್ಲಿಪ್ಪೂ ಇಲ್ಲ ಅವಳ ಹತ್ರ. ಭಾನುವಾರ ಮಧ್ಯಾಹ್ನವೆಲ್ಲ ಕೂತು, ಈ ಕುರುಡುಗಣ್ಣಲ್ಲಿ ಏಳು ಮಣಿ ಪೋಣಿಸಿ ಕ್ಲಿಪ್ಪು ಮಾಡಿಕೊಟ್ಟೆ. ಮುಡ್ಕೊಂಡು ಗೆಳತಿ ಮನೆಗೆ ಹೋದೋಳು ರಾತ್ರಿ ಬರಿತಲೆಯಲ್ಲಿ ಬಂದ್ಳು. ಬಸ್ಸಲ್ಲಿ ಬಿದ್ದೋಯ್ತಂತೆ! ಒಂದು ದಿನ ಬಾಳಲಿಲ್ಲ ನನ್ನ ಮಣಿ. ಈಗ ಇನ್ನೊಂದು ಮಾಡ್ತಾ ಕೂತಿದೀನಿ. ದಾರ ಸೂಜಿಗೆ ಹೋಗ್ತಾನೇ ಇಲ್ಲ ಕಣೇ."

ಅಜ್ಜಿಯ ಧ್ವನಿ ಕೊನೆಯಲ್ಲಿ ಒಡೆಯಿತು.

"ಸಂಜೆಗೆ ಅಕ್ಕ ಮನೇಲಿರ್ತಾಳೆ ಅಜ್ಜಿ. ನೀನೇ ಮುಡಿಸು."

ಹೇಳಿದ್ದೇನೋ ಹೇಳಿಬಿಟ್ಟಳು. ಫೋನಿಟ್ಟು ಮತ್ತೆ ಗೋಡೆಯ ಗಡಿಯಾರ ನೋಡಿದಳು.

* * *

ಚಿಕ್ಕಿ ಫೋನ್ ಮಾಡಿ ಕರೆಸಿದ ಇನ್ಸ್‌ಪೆಕ್ಟರ್ ಬಂದಾಗ ಹತ್ತೂ ಇಪ್ಪತ್ತು. ಎಡಗೆನ್ನೆ ಹದವಾಗಿ ಊದಿ ಹಣ್ಣಾಗಿತ್ತು. ದವಡೆಹಲ್ಲು ನಾಲ್ಕು ದಿನದಿಂದ ಕಾಡುತ್ತಿದೆ. ಹಲ್ಲಿನ ಆಸ್ಪತ್ರೆಯ ಕೇಸೇ ಕೈಯಲ್ಲಿದೆ. ಆದರೂ ಈ ಕುರ್ಚಿಗಳಲ್ಲೊಂದರ ಮೇಲೆ ಕೂರಲು ಆ ಗಟ್ಟಿ ಆಳಿಗೆ ಧೈರ್ಯವಿಲ್ಲ. ಬಾಗಿಲ ಬಳಿಯೇ ನಿಂತರು.

"ಏನಮ್ಮ, ಮೀನು ಸತ್ತದ್ದಕ್ಕೆಲ್ಲ ಪೊಲೀಸರನ್ನ ಕರೀತಾರಾ?"

"ಮೀನು ಸತ್ತಿಲ್ಲ ಸಾರ್. ಸಾಕ್ಷಿ ಹೇಳೋಕೆ ಕಾಯ್ತಾ ಇದೆ."

"ನೋಡಮ್ಮ, ನಿಮ್ಮಕ್ಕನ ಮೇಲೆ ನಿನಗೆ ಪ್ರೀತಿ ಇದೆ, ಒಪ್ಕೋತೀನಿ. ಹಾಗಂತ ಕಾಗಕ್ಕ ಗುಬ್ಬಕ್ಕನ ಕತೆ ಹೇಳಬೇಡ. ಹಲ್ಲು ನೋಯ್ತಿದೆ."

ಚಿಕ್ಕಿ ಎರಡನೇ ಲೋಟ ತೆಗೆದು ತೊಟ್ಟಿಯ ನೀರು ತುಂಬಿ ಮೊದಲಿನದರ ಪಕ್ಕಕ್ಕಿಟ್ಟಳು. ಬಿಳಿ ಕಾಗದದ ಎರಡು ಲೋಟಗಳಲ್ಲಿ ಎರಡು ನೀಲಿ. ಒಂದು ಗಟ್ಟಿ. ಇನ್ನೊಂದು ಕೂದಲೆಳೆಯಷ್ಟು ತೆಳು.

"ಸಾರ್, ಇದು ಹತ್ತು ಗಂಟೆ ನೀರು. ಇದು ಈಗಿನದು. ವ್ಯತ್ಯಾಸ ಕಾಣುತ್ತಾ?"

ಇನ್ಸ್‌ಪೆಕ್ಟರ್ ಕೆನ್ನೆ ಹಿಡಿದುಕೊಂಡೇ ಬಗ್ಗಿದರು. "ಹ್ಞೂಂ. ಇದು ಸ್ವಲ್ಪ ಮಂಕು. ಅದಕ್ಕೆ?"

"ಇದು ಮಿಥಿಲೀನ್ ಬ್ಲೂ. ಮೀನಿಗೆ ಬೂಷ್ಟು ಹಿಡಿದಾಗ ಹಾಕೋದು. ಆದ್ರೆ ಇದನ್ನ ಹಾಕೋಕೆ ಮೊದಲು ಫಿಲ್ಟರಿನೊಳಗಿರೋ ಇದ್ದಿಲು ಚೀಲ ತೆಗೀಬೇಕು. ತೆಗೀದಿದ್ರೆ ಇದ್ದಿಲು ಔಷಧಿಯನ್ನೆಲ್ಲ ಹೀರ್ಕೊಂಡು ಬಿಡುತ್ತೆ, ನೀರು ತಾನಾಗೇ ತಿಳಿಯಾಗುತ್ತೆ. ಮೀನು ಸಾಕೋರು ಕಲಿಯೋ ಮೊದಲನೇ ಪಾಠ ಇದು."

ತೊಟ್ಟಿಯ ಮೂಲೆಯ ಫಿಲ್ಟರಿನ ಮುಚ್ಚಳ ತೆಗೆದು ತೋರಿಸಿದಳು. ಬಲೆಯ ಚೀಲದಲ್ಲಿ ಕಪ್ಪು ಇದ್ದಿಲು ಹಾಗೇ ಇತ್ತು.

"ಹಿರಿಯ ಡಾಕ್ಟ್ರು ಏಳು ವರ್ಷದಿಂದ ಮೀನು ಸಾಕ್ತಿದಾರೆ. ಅವರು ದೊಡ್ಡ ತೊಟ್ಟಿಗೆ ಔಷಧಿ ಹಾಕೋರೇ ಅಲ್ಲ. ರೋಗ ಬಂದ ಮೀನನ್ನ ಚಿಕ್ಕ ಡಬ್ಬಿಗೆ ಹಾಕಿ, ಅಲ್ಲಿ ಚಿಕಿತ್ಸೆ ಮಾಡೋರು. ಅಷ್ಟೇ ಅಲ್ಲ ಸಾರ್. ಈ ಲೆಕ್ಕದಲ್ಲಿ ನೀರು ತಿಳಿಯಾಗ್ತಿದ್ರೆ, ಮಂಗಳವಾರ ಹಾಕಿದ ನೀಲಿ ಬುಧವಾರವೇ ಮಾಯವಾಗಿರಬೇಕಿತ್ತು. ಇದು ಇವತ್ತಿನದು. ಬೆಳಗ್ಗೆ ಏಳೋ ಎಂಟೋ ಗಂಟೇಲಿ ಸುರಿದದ್ದು. ಆಗ ನಮ್ಮಕ್ಕ ಎಲ್ಲಿದ್ಲು?"

ಇನ್ಸ್‌ಪೆಕ್ಟರ್ ತೊಟ್ಟಿಯತ್ತ ತಿರುಗಿದರು. ಅಕ್ಕ ಎಲ್ಲಿದ್ದಳೆಂದು ಅವರಿಗಿಂತ ಚೆನ್ನಾಗಿ ಬಲ್ಲವರಾರು? ಸ್ಟೇಷನ್ನಿನಲ್ಲಿ ಅವರೇ ಕೂರಿಸಿದ್ದ ಬೆಂಚಿನ ಮೇಲೆ.

"ಅಂದ್ರೆ ಯಾರೋ ಈ ನೀರಲ್ಲಿ ಏನನ್ನೋ ಮುಚ್ಚಿಟ್ಟಿದಾರೆ ಅಂತೀಯ."

"ಕಾಣಬಾರದು ಅಂತ ಸುರಿದಿದಾರೆ. ಇದ್ದಿಲಿನ ವಿಷಯ ಗೊತ್ತಿಲ್ಲದೆ ಸುರಿದಿದಾರೆ. ನಮ್ಮಕ್ಕನಾಗಿದ್ರೆ ಚೀಲ ಮೊದಲು ತೆಗೀತಿದ್ಲು. ಊಟಕ್ಕೆ ಕೂತಾಗ ನನ್ನ ಇದ್ದಿಲು ಪುರಾಣ ಕೇಳಿ ಕೇಳಿ ಅವಳ ಕಿವಿ ತೂತಾಗಿದೆ."

"ಕಿವಿಯ ವಿಷಯ ಬಂತಲ್ಲ," ಎಂದಿತು ಹಿಂದಿನಿಂದ ಒಂದು ಮೆತ್ತನೆಯ ಧ್ವನಿ, "ಸ್ವಲ್ಪ ನಮ್ಮ ಕಿವಿಗೂ ಬೀಳಲಿ."

* * *

ಅಳಿಯ ಡಾಕ್ಟರು ನಡೆದರೆ ಸಪ್ಪಳವಾಗದು. ಇಸ್ತ್ರಿಯ ಬಿಳಿ ಕೋಟು, ತಣ್ಣನೆಯ ನಗು, ಎರಡೂ ಕೈಗೆ ತೆಳ್ಳನೆಯ ರಬ್ಬರಿನ ಗ್ಲೌಸು. ಒಳಗೆ ರೋಗಿಯೇ ಇಲ್ಲ, ಆಸ್ಪತ್ರೆಗೆ ನಿನ್ನೆಯಿಂದ ರಜೆ. ಆದರೂ ಗ್ಲೌಸು. ಚಿಕ್ಕಿಯ ಕಣ್ಣು ಅಲ್ಲಿಗೇ ಹೋಗಿ ನಿಂತಿತು.

ಮಿಥಿಲೀನ್ ಬ್ಲೂ ಬೆರಳಿಗೆ ತಾಗಿದರೆ ಸೋಪಿಗೂ ಜಗ್ಗದು, ನಿಂಬೆಹಣ್ಣಿಗೂ ಬಗ್ಗದು. ಅಂಗಡಿ ತೆರೆದ ಮೊದಲ ವರ್ಷ ಚಿಕ್ಕಿಯ ಉಗುರುಗಳನ್ನು ನೋಡಿ ಅಜ್ಜಿ, ಮೊಮ್ಮಗಳಿಗೆ ಯಾವುದೋ ನೀಲಿ ದೇಶದ ರಾಜಕುಮಾರ ಕೈ ಹಿಡಿದಿದ್ದಾನೆಂದು ಕತೆ ಕಟ್ಟಿದ್ದಳು.

"ಮೀನು ಮೇಡಂ," ಅಂದರು ಅಳಿಯ ಡಾಕ್ಟರು, "ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ. ಆದ್ರೆ ಇದು ಆಸ್ಪತ್ರೆ. ಬೂಷ್ಟು ಹಿಡಿದ ನೀರನ್ನ ಇಟ್ಕೊಂಡು ಕೂರೋಕಾಗಲ್ಲ. ಖಾಲಿ ಮಾಡಿಸ್ತೀನಿ."

"ಮಾಡಿಸಿ ಸಾರ್. ಮೊದಲು ಮೀನನ್ನ ಆಚೆ ತೆಗೀತೀನಿ. ಅದೂ ಒಂದು ಜೀವ ಅಲ್ವಾ? ಸ್ವಲ್ಪ ಕೈ ಜೋಡಿಸ್ತೀರಾ?"

ಚಿಕ್ಕಿ ತಾನು ತಂದಿದ್ದ ಅಗಲದ ಟಬ್ಬಿಗೆ ಕ್ಯಾನಿನ ನೀರು ಸುರಿದಳು. ಎರಡು ದಿನ ಇಟ್ಟು ಹಳತಾದ ನೀರು. ಹತ್ತು ಲೀಟರಿಗೆ ಎರಡು ಚಮಚ ಕಲ್ಲುಪ್ಪು ಕರಗಿಸಿದಳು. ಗಾಳಿ ಬಿಡುವ ಪುಟ್ಟ ಮೋಟರಿನ ಕೊಳವೆ ಇಳಿಸಿದಳು. ಬುಳುಬುಳು ಗುಳ್ಳೆ ಎದ್ದವು. ಆಮೇಲೆ ತೊಟ್ಟಿಯ ಬಲಮೂಲೆಯ ಗಾಜಿಗೆ ನಾಣ್ಯದಿಂದ ಎರಡು ಸಲ ಟಕ್ ಟಕ್ ಎಂದು ಬಡಿದಳು. ಹಿರಿಯ ಡಾಕ್ಟರು ಊಟ ಹಾಕುವಾಗ ಉಂಗುರದಿಂದ ಬಡಿಯುತ್ತಿದ್ದ ಹಾಗೇ.

ನೀಲಿಯೊಳಗೆ ಏನೋ ಅಲುಗಿತು. ಮೆಲ್ಲಗೆ, ಒಂದು ಕಡೆ ವಾಲಿಕೊಂಡು, ಅಂಗೈಯಗಲದ ಕೇಸರಿ ಗೋಲ್ಡ್‌ಫಿಶ್ ಮೇಲೆ ತೇಲಿ ಬಂತು. ಬಾಯಿ ಆ ಎಂದು ತೆರೆದಿತ್ತು.

ಹೆಸರು ಪೇಶೆಂಟು. ಇಟ್ಟವರು ಹಿರಿಯ ಡಾಕ್ಟರೇ. "ಬಾಯಿ ತೆರಿ ಅಂತ ಗೋಗರೆಯದೇನೇ ತೆರೆಯೋ ಒಬ್ಬನೇ ಒಬ್ಬ ಪೇಶೆಂಟು ಕಣಮ್ಮ ಇವನು," ಎಂದು ಅವರು ನಗುತ್ತಿದ್ದುದು ಚಿಕ್ಕಿಯ ನೆನಪಿಗೆ ಬಂತು. ಉತ್ತರ ಕೇಳಬೇಕೆಂದರೆ ಕಿವಿಯ ಯಂತ್ರ ಸಿಕ್ಕಿಸಿಕೊಳ್ಳಬೇಕು ಅವರು. "ಇರು ತಾಯಿ, ಕಿವಿ ಹಾಕ್ಕೊಂಡು ಬರ್ತೀನಿ." ಅದಿಲ್ಲದಿದ್ದರೆ ಪಕ್ಕದಲ್ಲಿ ಪಟಾಕಿ ಹೊಡೆದರೂ ತಿರುಗಿ ನೋಡದ ಮನುಷ್ಯ.

ಚಿಕ್ಕಿ ಬಲೆಯಲ್ಲಿ ಪೇಶೆಂಟನ್ನು ಎತ್ತಿ ಟಬ್ಬಿಗಿಳಿಸಿದಳು. ಎಡಪಕ್ಕೆಯಲ್ಲಿ ಹುರುಪೆಗಳು ಸಾಲಾಗಿ ಕಿತ್ತುಹೋಗಿದ್ದವು. ಬಾಲ ಹರಿದಿತ್ತು. ಆ ಗಾಯದ ಮೇಲೆಲ್ಲ ಹತ್ತಿಯಂತೆ ಬೂಷ್ಟು ಬೆಳೆದಿತ್ತು.

"ಸಾರ್, ಇದನ್ನ ಸ್ವಲ್ಪ ಹಿಡ್ಕೊಳ್ಳಿ. ಗಾಯ ಒರೆಸಬೇಕು. ಗ್ಲೌಸು ತೆಗೀರಿ, ರಬ್ಬರಿಗೆ ಮೀನಿನ ಲೋಳೆ ಕಿತ್ತು ಬರುತ್ತೆ. ಆ ಲೋಳೆನೇ ಅದರ ಅಂಗಿ. ಬರಿಗೈ ಒದ್ದೆ ಮಾಡ್ಕೊಂಡು ಹಿಡೀಬೇಕು."

ಅವಳು ಹುಡುಕುತ್ತಿರುವುದು ಬೆರಳಿನ ನೀಲಿ ಕಲೆಯನ್ನೆಂದು ಇನ್ಸ್‌ಪೆಕ್ಟರಿಗೂ ಈಗ ಹೊಳೆಯಿತು. ಕೆನ್ನೆಯಿಂದ ಕೈ ತೆಗೆದು ನೆಟ್ಟಗೆ ನಿಂತರು.

ಅಳಿಯ ಡಾಕ್ಟರು ಚಿಕ್ಕಿಯನ್ನು ಒಂದು ಕ್ಷಣ ದಿಟ್ಟಿಸಿದರು. ಆಮೇಲೆ ಅವಸರವೇ ಇಲ್ಲದವರಂತೆ ಎಡಗೈ ಗ್ಲೌಸು ತೆಗೆದರು. ಬಲಗೈಯದನ್ನು ತೆಗೆದರು. ಹತ್ತೂ ಬೆರಳನ್ನು ದೀಪದ ಬೆಳಕಿಗೆ ಹರಡಿ ಹಿಡಿದರು.

ತೊಳೆದ ಬೆಳ್ಳುಳ್ಳಿ ಎಸಳಿನ ಹಾಗೆ ಬಿಳಿ. ಒಂದು ಚುಕ್ಕೆ ಕಲೆಯಿಲ್ಲ.

"ನೋಡಿದ್ರಾ? ಉಗುರಿನ ಸಂದೂ ನೋಡ್ಬೇಕಾ?"

ಚಿಕ್ಕಿಯ ಕಿವಿ ಬಿಸಿಯಾಯಿತು. ಇನ್ಸ್‌ಪೆಕ್ಟರ್ ನಿಟ್ಟುಸಿರು ಬಿಟ್ಟು ಮತ್ತೆ ಕೆನ್ನೆಗೆ ಕೈ ಹಚ್ಚಿದರು. ದಿನವಿಡೀ ಗ್ಲೌಸು ಹಾಕುವವನ ಬೆರಳಲ್ಲಿ ಕಲೆ ಹುಡುಕಿದ ತನ್ನ ಜಾಣತನಕ್ಕೆ ಅವಳು ತನ್ನನ್ನೇ ಬೈದುಕೊಂಡಳು. ಗಡಿಯಾರದ ಮುಳ್ಳು ಹತ್ತೂ ಮೂವತ್ತೈದಕ್ಕೆ ಬಂದಿತ್ತು.

"ಹಿಡ್ಕೊಳ್ಳಿ ಸಾರ್," ಅಂದಳು, ಬೇರೇನೂ ತೋಚದೆ.

ಅವರು ಹಿಡಿದರು. ಅವಳು ಉಪ್ಪುನೀರಲ್ಲಿ ಅದ್ದಿದ ಹತ್ತಿಬತ್ತಿಯಿಂದ ಗಾಯದ ಅಂಚನ್ನು ಮೆಲ್ಲಗೆ ತಡವಿದಳು. ಬೂಷ್ಟಿನ ಒಂದು ಎಳೆ ಬತ್ತಿಗೆ ಅಂಟಿ ಬಂತು. ಅದನ್ನು ಬೆಳಕಿಗೆ ಹಿಡಿದವಳು ಹಾಗೇ ನಿಂತುಬಿಟ್ಟಳು.

ಎಳೆ ಬೆಳ್ಳಗಿರಲಿಲ್ಲ.

* * *

"ಸಾರ್, ಸೋಮವಾರ ಹಿರಿಯರ ಹತ್ರ ಮಾತಾಡಿದ್ರಾ ನೀವು?" ಬತ್ತಿಯಿಂದ ಕಣ್ಣು ಕೀಳದೆ ಅಳಿಯ ಡಾಕ್ಟರನ್ನು ಕೇಳಿದಳು.

"ಎಷ್ಟು ಸಲ ಹೇಳ್ಬೇಕು? ಸ್ಟೇಟ್‌ಮೆಂಟಿನಲ್ಲಿದೆ. ಸೋಮವಾರ ಮಾವನಿಗೆ ಜ್ವರ, ಮೇಲಿನ ಮಹಡಿಯಲ್ಲೇ ಮಲಗಿದ್ರು. ಫೋನಲ್ಲಿ ಮಾತಾಡಿದೆ. ಮಂಗಳವಾರ ಬೆಳಗ್ಗೆಯೂ ಫೋನಲ್ಲಿ ಹತ್ತು ನಿಮಿಷ ಮಾತಾಡಿದೆ. ಸಂಜೆ ಕೆಳಗಿಳಿದು ಬಂದ್ರು. ಏಳಕ್ಕೆ ನಾನು ಹೊರಡುವಾಗ ಇದೇ ಕೋಣೆಯಲ್ಲಿ ಮಾವ ಮತ್ತು ನಿಮ್ಮಕ್ಕ, ಇಬ್ಬರೇ ಇದ್ರು."

"ನಮ್ಮಕ್ಕ ಹೇಳೋದು ಬೇರೆ. ಎರಡು ದಿನವೂ ಅವರನ್ನ ಕಣ್ಣಲ್ಲೇ ನೋಡಿಲ್ಲ ಅಂತಾಳೆ."

"ಅವರ ಕನ್ನಡಕ ಲಾಕರಲ್ಲಿಟ್ಕೊಂಡೋರು ಇನ್ನೇನು ಹೇಳ್ತಾರೆ?"

ಚಿಕ್ಕಿ ಕೆರಳಲಿಲ್ಲ. ಬತ್ತಿಯನ್ನು ಬಿಳಿ ಕಾಗದದ ಮೇಲಿಟ್ಟು ಇನ್ಸ್‌ಪೆಕ್ಟರ ಮುಂದೆ ಹಿಡಿದಳು. ಮನಸ್ಸಿನಲ್ಲಿ ಅಜ್ಜಿಯ ಕತೆಯೊಂದು ಸುಮ್ಮನೆ ಬಾಲ ಬಡಿಯುತ್ತಿತ್ತು. ಕೆರೆಯ ತಳದ ಅರಮನೆಯಲ್ಲಿ ಕಳುವಾದಾಗ ರಾಣಿ ಮೀನುಗಳನ್ನೇ ಸಾಕ್ಷಿಗೆ ಕರೆಸಿದಳಂತೆ. ಯಾಕಜ್ಜಿ ಎಂದು ಕೇಳಿದರೆ, ಅವಕ್ಕೆ ರೆಪ್ಪೆ ಇಲ್ಲವಲ್ಲೇ, ನೋಡಿಲ್ಲ ಅಂತ ಹೇಳೋಕೇ ಬರಲ್ಲ ಅನ್ನುತ್ತಿದ್ದಳು ಅಜ್ಜಿ.

"ಸಾರ್, ಆ ನೀಲಿ ಒಂದು ಗಡಿಯಾರ. ಇದು ಇನ್ನೊಂದು."

"ಈ ಹತ್ತೀನಾ?"

"ಬೂಷ್ಟು ಸುಮ್ಸುಮ್ನೆ ಬರಲ್ಲ ಸಾರ್. ಲೋಳೆ ಗಟ್ಟಿಯಿದ್ರೆ ಮೀನಿನ ಹತ್ರಕ್ಕೂ ಸುಳಿಯಲ್ಲ. ಗಾಯವಾಗ್ಬೇಕು, ಚರ್ಮ ಸಾಯ್ಬೇಕು, ಆಗ ಬೇರು ಬಿಡುತ್ತೆ. ಮೊದಲನೇ ದಿನ ಗಾಯ ಮಂಕಾಗುತ್ತೆ, ಅಷ್ಟೇ. ಎರಡನೇ ದಿನ ಹಸುಗೂಸಿನ ಕೂದಲಿನ ಹಾಗೆ ಬಿಳಿ ನವಿರು. ಮೂರನೇ ದಿನ ಹತ್ತಿ. ನಾಲ್ಕನೇ ದಿನ ಆ ಹತ್ತಿ ನೀರಿನ ಕೊಳೆ ಹಿಡ್ಕೊಂಡು ಹಸಿರು ಮಿಶ್ರಿತ ಕಂದಾಗುತ್ತೆ, ಹಳೇ ಟೀ ಸೋಸೋ ಬಟ್ಟೆಯ ಹಾಗೆ. ನೋಡಿ ಇದನ್ನ."

ಕಂದು. ಅಂಚಿನಲ್ಲಿ ತೆಳುಹಸಿರು. ಔಷಧಿಯ ನೀಲಿ ಹೊರ ಎಳೆಗೆ ಮಾತ್ರ ಸೋಕಿತ್ತು.

"ಇವತ್ತು ಗುರುವಾರ," ಅಂದರು ಇನ್ಸ್‌ಪೆಕ್ಟರ್. ಬೆರಳು ಮಡಿಚಿ ಎಣಿಸಿದರು. "ಬುಧ, ಮಂಗಳ, ಸೋಮ..."

"ಭಾನುವಾರ. ಶನಿವಾರ ಸಂಜೆ ನಾನೇ ಬಂದು ನೀರು ಬದಲಾಯಿಸಿದ್ದೆ. ಪೇಶೆಂಟಿನ ಮೈಮೇಲೆ ಒಂದು ಗೀರಿರಲಿಲ್ಲ. ಹುರುಪೆ ಹೀಗೆ ಸಾಲಾಗಿ ಕೀಳಬೇಕಾದ್ರೆ ತೊಟ್ಟಿಯೊಳಗಿನ ಕಲ್ಲಿನ ಕಮಾನು ಮಗುಚಿ ಬಿದ್ದಿರಬೇಕು. ಅದು ನಾನೇ ಅಂಟು ಹಚ್ಚಿ ಕೂರಿಸಿದ ಕಮಾನು. ಮೀನು ಗುದ್ದಿದ್ರೆ ಬೀಳಲ್ಲ. ಯಾರೋ ಕೈ ಹಾಕಿದಾರೆ, ಇಲ್ಲಾ ಏನೋ ಬಿದ್ದಿದೆ. ಭಾನುವಾರ, ಆಸ್ಪತ್ರೆ ಮುಚ್ಚಿದ್ದಾಗ. ಈ ಕೋಣೆಯಲ್ಲಿ ಏನು ನಡೀತೋ ಅದು ಮಂಗಳವಾರ ನಡೆದಿಲ್ಲ ಸಾರ್."

ಕ್ಲೀನರ್ ಹಲ್ಲುಜ್ಜುವ ಚಿತ್ರ ನೋಡುವುದನ್ನು ಯಾವಾಗಲೋ ಬಿಟ್ಟಿದ್ದ.

ಅಳಿಯ ಡಾಕ್ಟರ ನಗು ಹಾಗೇ ಇತ್ತು, ಆದರೆ ಒಗೆದು ಹಿಂಡಿದ ಬಟ್ಟೆಯಂತೆ. "ಒಂದು ಮೀನಿನ ಹುಣ್ಣು ನೋಡಿ ಪಂಚಾಂಗ ಹೇಳ್ತಿದೀರಿ."

"ನೀವು ಹಲ್ಲು ನೋಡಿ ವಯಸ್ಸು ಹೇಳಲ್ವಾ ಸಾರ್?"

ಇನ್ಸ್‌ಪೆಕ್ಟರಿಗೆ ನಗು ಬಂತು. ಬಂದದ್ದೇ ಹಲ್ಲು ಚುಚ್ಚಿ ಮುಖ ಕಿವುಚಿದರು. ಜೇಬಿನಿಂದ ಪುಸ್ತಕ ತೆಗೆದರು. "ಭಾನುವಾರ. ಸರಿ. ಬರ್ಕೋತೀನಿ. ಭಾನುವಾರ ನಿಮ್ಮಕ್ಕ ಎಲ್ಲಿದ್ಲು?"

ಚಿಕ್ಕಿಯ ಮೈಯೆಲ್ಲ ಹಗುರಾಯಿತು. ನಿನ್ನೆಯಿಂದ ಎದೆಯ ಮೇಲೆ ಕೂತಿದ್ದ ಬಂಡೆ ಉರುಳಿದಂತೆ.

"ಭಾನುವಾರ ಅವಳಿಗೆ ವಾರದ ರಜೆ. ಇತ್ತ ತಲೆ ಹಾಕಿಯೂ ಮಲಗಲ್ಲ ಆ ದಿನ. ಸಂಜೆ ಬಸ್ಸು ಹತ್ತಿ ಗೆಳತಿ ಮನೆಗೆ ಹೋದ್ಲು. ಅದು ಇಲ್ಲಿಂದ ಅಷ್ಟು ದೂರ, ಪಟ್ಟಣದ ಆ ತುದಿ. ವಾಪಸ್ ಬಂದಾಗ ರಾತ್ರಿ. ಬರ್ಕೊಳ್ಳಿ ಸಾರ್, ನಾನೇ ಹೇಳ್ತಿದೀನಿ. ಬೇಕಾದ್ರೆ ಸಹಿ ಹಾಕ್ತೀನಿ."

ಬರೆದುಕೊಂಡರು. ಪುಸ್ತಕ ತಿರುಗಿಸಿ ಕೊಟ್ಟರು. ಚಿಕ್ಕಿ ಒದ್ದೆ ಬೆರಳಲ್ಲೇ ಸಹಿ ಹಾಕಿದಳು. ಅಕ್ಷರದ ಬಾಲ ಕಾಗದದ ಮೇಲೆ ಹರಡಿತು.

"ಈಗ ಕೈ ಹಾಕಿ ನೋಡು," ಅಂದರು ಇನ್ಸ್‌ಪೆಕ್ಟರ್. "ಏನು ಸಿಕ್ಕಿದ್ರೂ ನನ್ನ ಕಣ್ಣೆದುರಿಗೇ ತೆಗೀಬೇಕು."

* * *

ನೀರು ತಣ್ಣಗಿತ್ತು. ಎರಡೂ ತೋಳು ಮೊಣಕೈವರೆಗೆ ಇಳಿದು ನೀಲಿಯಲ್ಲಿ ಮಾಯವಾದವು. ಕಣ್ಣು ಮುಚ್ಚಿಕೊಂಡಳು, ಕಾಣದಿದ್ದ ಮೇಲೆ ತೆರೆದಿಟ್ಟರೇನು? ಬೆರಳುಗಳೇ ನೋಡಬೇಕು.

ಮೊದಲು ಕಮಾನು ಸಿಕ್ಕಿತು. ಹೌದು, ಮಗುಚಿ ಬಿದ್ದಿತ್ತು. ಎಡಗೈಯಿಂದ ಅದನ್ನು ತುಸು ಎತ್ತಿ ಹಿಡಿದು, ಬಲಗೈಯಿಂದ ಹರಳುಗಳನ್ನು ಕೆದಕಿದಳು. ಹರಳು, ಹರಳು, ಒಂದು ಬಸವನ ಚಿಪ್ಪು, ಮತ್ತೆ ಹರಳು. ಆಮೇಲೆ ಹರಳಲ್ಲದ ಏನೋ ಒಂದು. ನುಣುಪು. ಹುರುಳಿಕಾಯಿಯ ಬಾಗು. ತುದಿಗೆ ಎಳೆಯಂಥ ಕೊಳವೆ.

ಕಣ್ಣು ತೆರೆಯದೆಯೇ ಗುರುತು ಹಿಡಿದಳು. *ಇರು ತಾಯಿ, ಕಿವಿ ಹಾಕ್ಕೊಂಡು ಬರ್ತೀನಿ.*

ಹಿರಿಯ ಡಾಕ್ಟರ ಕಿವಿಯ ಯಂತ್ರ! ಇದ್ದದ್ದು ಅದೊಂದೇ. ಇನ್ನೊಂದು ಕೊಳ್ಳಿ ಎಂದರೆ, ಒಂದು ಕಿವಿಯಲ್ಲಿ ಕೇಳುವಷ್ಟು ಬೈಗುಳ ಸಾಕಮ್ಮ ಎನ್ನುತ್ತಿದ್ದರು. ಭಾನುವಾರದಿಂದ ಇದು ನೀರಿನ ತಳದಲ್ಲಿದ್ದರೆ, ಸೋಮವಾರ ಫೋನಲ್ಲಿ ಮಾತು ಕೇಳಿಸಿಕೊಂಡವರು ಯಾರು? ಮಂಗಳವಾರ ಹತ್ತು ನಿಮಿಷ ಹ್ಞೂಂಗುಟ್ಟಿದವರು ಯಾರು?

ಸಿಕ್ಕಿಬಿದ್ದ! ನಾಲ್ಕು ಗಂಟೆಗೆ ಮೊದಲೇ ಸಿಕ್ಕಿಬಿದ್ದ. ಅಜ್ಜಿ ಮಣಿ ಪೋಣಿಸಿ ಮುಗಿಸುವುದರೊಳಗೆ ಅಕ್ಕ ಮನೆಯಲ್ಲಿ. ಕೂಗಿ ಹೇಳಬೇಕೆಂದು ಚಿಕ್ಕಿ ಬಾಯಿ ತೆರೆದಳು.

ಅಷ್ಟರಲ್ಲಿ ಎಡಗೈಗೆ ಏನೋ ತೊಡರಿತು.

ಕಮಾನಿನ ಅಡಿಯಲ್ಲಿ, ಕಲ್ಲಿಗೂ ಹರಳಿಗೂ ನಡುವೆ. ಒಂದು ತೆಳ್ಳನೆಯ ತಗಡು. ಅದರ ಮೇಲೆ ಸಾಲಾಗಿ, ದುಂಡಗೆ, ದಾರದಲ್ಲಿ ಬಿಗಿದ... ಬೆರಳ ತುದಿ ಒಂದೊಂದನ್ನೇ ದಾಟಿತು. ಬೇಡ ಬೇಡವೆಂದರೂ ಎಣಿಸಿತು.

ಒಂದು. ಎರಡು. ಮೂರು.

ಭಾನುವಾರ ಮಧ್ಯಾಹ್ನ ಅಜ್ಜಿ ಕಿಟಕಿಯ ಬೆಳಕಲ್ಲಿ ಕೂತು ಗಂಟು ಹಾಕುತ್ತಿದ್ದಳು. ಕೊನೆಯ ಗಂಟು ಯಾವಾಗಲೂ ಜೋಡಿ ಗಂಟು, ಒಂದರ ಮೇಲೊಂದು. ಆ ರೀತಿ ಗಂಟು ಹಾಕುವವರು ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ.

ನಾಲ್ಕು. ಐದು. ಆರು.

ಏಳನೆಯದರ ಪಕ್ಕದಲ್ಲಿ ಜೋಡಿ ಗಂಟು ಬೆರಳಿಗೆ ಒತ್ತಿತು. ಬಸ್ಸಲ್ಲಿ ಬಿದ್ದುಹೋಯಿತೆಂದ ಅಕ್ಕನ ಕ್ಲಿಪ್ಪು.

"ಏನಮ್ಮ, ಸಿಕ್ತಾ?" ಇನ್ಸ್‌ಪೆಕ್ಟರ ಧ್ವನಿ ಎಲ್ಲೋ ದೂರದಿಂದ ಬಂದಂತಿತ್ತು. ಅವರ ಕೈಯಲ್ಲಿ ಪುಸ್ತಕ ಇನ್ನೂ ತೆರೆದೇ ಇತ್ತು. ಭಾನುವಾರ ಎಂಬ ಅಕ್ಷರ. ಅದರ ಕೆಳಗೆ ಒದ್ದೆಯಾದ ಅವಳ ಸಹಿ.

ಟಬ್ಬಿನಲ್ಲಿ ಪೇಶೆಂಟು ಬಾಯಿ ತೆರೆದುಕೊಂಡು, ರೆಪ್ಪೆಯಿಲ್ಲದ ಕಣ್ಣಿಂದ ಅವಳನ್ನೇ ನೋಡುತ್ತಿತ್ತು.

"ಸಿಕ್ತು ಸಾರ್." ತನ್ನ ಧ್ವನಿ ತನಗೇ ಗುರುತಾಗಲಿಲ್ಲ. ಬಲಗೈ ಮೇಲೆತ್ತಿ ಮುಷ್ಟಿ ಬಿಚ್ಚಿದಳು. ನೀಲಿಗಟ್ಟಿದ ಅಂಗೈಯ ನಡುವೆ ಕಿವಿಯ ಯಂತ್ರ ತೊಟ್ಟಿಕ್ಕುತ್ತಿತ್ತು.

ಇನ್ಸ್‌ಪೆಕ್ಟರ್ ಹಲ್ಲುನೋವು ಮರೆತು ಮುಂದೆ ಹೆಜ್ಜೆಯಿಟ್ಟರು. ಕೌಂಟರಿನಾಕೆ, "ಅಯ್ಯೋ, ಇದು ದೊಡ್ಡ ಡಾಕ್ಟ್ರದ್ದು!" ಎಂದು ಚೀರಿದಳು.

ಅಳಿಯ ಡಾಕ್ಟರು ಮಾತ್ರ ಆ ಬಲಗೈಯ ಕಡೆ ತಿರುಗಲೂ ಇಲ್ಲ. ಅವರ ಕಣ್ಣು ನೆಟ್ಟಿದ್ದು ತೊಟ್ಟಿಯ ಮೇಲೆ, ಚಿಕ್ಕಿಯ ಇನ್ನೊಂದು ಮೊಣಕೈ ನೀರಿನೊಳಗೆ ಇಳಿದಿದ್ದ ಜಾಗದ ಮೇಲೆ. ತುಟಿಯಲ್ಲಿ ಆ ಹಿಂಡಿದ ನಗು ಮತ್ತೆ ನಿಧಾನವಾಗಿ ಅರಳಿತು.

"ಇನ್ನೊಂದು ಕೈಯನ್ನೂ ತೆಗೀರಿ ಮೀನು ಮೇಡಂ," ಅಂದರು ಮೆತ್ತಗೆ. "ಶೀತ ಆದೀತು."

ಫಿಲ್ಟರು ಗುಂಯ್‌ಗುಡುತ್ತ ತನ್ನ ಪಾಡಿಗೆ ನೀಲಿಯನ್ನು ಹೀರುತ್ತಿತ್ತು. ನೀರು ಇನ್ನೊಂದು ಎಳೆ ತಿಳಿಯಾಯಿತು. ಚಿಕ್ಕಿಗೆ ತನ್ನ ಮಣಿಕಟ್ಟು ಮಸುಕಾಗಿ ಕಾಣತೊಡಗಿತು.

ಅವಳ ಎಡಗೈ ನೀರಿನಲ್ಲೇ ಇತ್ತು.